ಹಾಸಿಗೆ ಸಾಹುಕಾರರ ಪ್ರತಿಕೃತಿ ದಹನ

ಡಿಸೆಂಬರ್ ಮೂವತ್ತೊಂದರ ಬೆಳಿಗ್ಗೆ ತಿಂಡಿ ತರಲೆಂದು ಬೀದಿಗಿಳಿದ ಎಲಾದಿಯೊ ಪಿಂಕಾಯ್, ಮೂಲೆಯಲ್ಲಿ ತನ್ನ ಸಾಹೇಬರು ಕುರ್ಚಿ ಹಾಕಿಕೊಂಡು ಕೂತಿರುವುದನ್ನು ಕಂಡು ಬೆಚ್ಚಿಬಿದ್ದ. ಗಡಬಡಿಸಿ ಟೋಪಿ ತೆಗೆದು, “ನಮಸ್ಕಾರ ಸಾಹೇಬ್ರೆ” ಅಂದ. ಸಾಹೇಬರು ಮಾತಾಡಲಿಲ್ಲ. ಅವರ ಹೊಟ್ಟೆಯ ತುಂಬ ಹಳೆ ಪತ್ರಿಕೆ, ಮರದ ಹೊಟ್ಟು ತುರುಕಿತ್ತು. ತೊಡೆಯ ಮೇಲೊಂದು ಪುಟ್ಟ ಹಾಸಿಗೆ. ಅದರೊಳಗಿಂದ ಐದಾರು ಸ್ಪ್ರಿಂಗುಗಳು ಹೊರಗೆ ಇಣುಕುತ್ತಿದ್ದವು.

“ಬೊಂಬೆಗೂ ನಮಸ್ಕಾರ ಹಾಕ್ತೀಯಲ್ಲೋ! ಅದೇನು ಸಂಬಳ ಜಾಸ್ತಿ ಮಾಡುತ್ತಾ?” ಎಂದು ಬಾಳೆಕಾಯಿ ಕುಟ್ಟುತ್ತಿದ್ದ ದೋನ್ಯಾ ಸೊರಾಯ್ದಾ ಬಿದ್ದುಬಿದ್ದು ನಕ್ಕಳು. ಎಲಾದಿಯೊನ ಕೆಳಮನೆಯವಳು. ಬೀದಿಯಲ್ಲಿ ಅವಳಿಗೆ ತಿಳಿಯದೆ ಒಂದು ಮೊಟ್ಟೆಯೂ ಒಡೆಯುವಂತಿರಲಿಲ್ಲ.

ಎಲಾದಿಯೊಗೆ ನಗು ಬರಲಿಲ್ಲ. ಗ್ವಾಯಾಕಿಲ್ ಊರಿನಲ್ಲಿ ಆ ದಿನ ಹಳೇ ವರ್ಷವನ್ನು ಬೊಂಬೆ ಮಾಡಿ ಮಧ್ಯರಾತ್ರಿ ಬೀದಿಯಲ್ಲೇ ಸುಡುತ್ತಾರೆ, ಮತ್ತು ಯಾರ ಮೇಲೆ ಸಿಟ್ಟಿದೆಯೋ ಅವರ ಮುಖವನ್ನೇ ಬೊಂಬೆಗೆ ಅಂಟಿಸುತ್ತಾರೆ. ದೋನ್ ಉಲ್ಪಿಯಾನೊ ವೆರ್ದೂಗಾ ಅವರ ಹಾಸಿಗೆ ಕಾರ್ಖಾನೆಯಲ್ಲಿ ಎಲಾದಿಯೊನ ಕೆಲಸ ಹಾಸಿಗೆ ಹೊಲಿಯುವುದಲ್ಲ, ಸಾಹೇಬರ ಹೆಸರು ಬೆಳಗಿಸುವುದು. ಮೂರು ವರ್ಷದಿಂದ ಅವರ ಕೈಯಲ್ಲಿ ಗಿಡ ನೆಡಿಸಿದ್ದ, ಅಜ್ಜಿಯರಿಗೆ ದಿಂಬು ಹಂಚಿಸಿದ್ದ, ಎಲ್ಲದರ ಫೋಟೊ ಪತ್ರಿಕೆಗಳಿಗೆ ಕಳಿಸಿದ್ದ. ಪತ್ರಿಕೆಯವರು ಸಾಹೇಬರನ್ನು ಕತ್ತರಿಸಿ ಗಿಡದ ಫೋಟೊ ಮಾತ್ರ ಹಾಕಿದ್ದರು. ಹೋದ ವಾರವಷ್ಟೇ ಸಾಹೇಬರು ಅವನನ್ನು ಕರೆದು, “ಈ ವರ್ಷ ಮುಗಿಯೋದ್ರೊಳಗೆ ನನ್ನ ಹೆಸರು ಊರವರ ಬಾಯಲ್ಲಿರ್ಬೇಕು ಕಣ್ರೀ. ಇಲ್ದಿದ್ರೆ ನಿಮ್ಮ ಜಾಗಕ್ಕೆ ಬೇರೆಯವರನ್ನ ನೋಡ್ಕೋತೀನಿ” ಎಂದಿದ್ದರು. ಈಗ ನೋಡಿದರೆ ಊರವರು ಅವರನ್ನು ಸುಡಲು ಹೊರಟಿದ್ದಾರೆ!

“ಇದನ್ನ ನನಗೆ ಕೊಟ್ಬಿಡಕ್ಕಾ” ಎಂದ ಎಲಾದಿಯೊ.

“ಕೊಡೋಕೇನು, ನಿನ್ನೆ ಯಾರೋ ಲಾರೀಲಿ ತಂದು ಬಿಟ್ಟಿ ಇಳಿಸಿಹೋದ್ರು. ಊರಲ್ಲಿ ಇಂಥವು ಇನ್ನೂ ಎಂಟಿದಾವಂತೆ. ಆದ್ರೂ ನಿನಗೆ ಇಷ್ಟು ಅರ್ಜೆಂಟ್ ಇದೆ ಅಂದ್ಮೇಲೆ ಬಿಟ್ಟಿ ಹ್ಯಾಗಪ್ಪ ಕೊಡ್ಲಿ?”

ಇನ್ನೂ ಎಂಟು! ಎಲಾದಿಯೊ ತಡಮಾಡಲಿಲ್ಲ. ಸೊರಾಯ್ದಾಳ ಗಂಡ ನೆಸ್ತೋರನ ಮೂರು ಚಕ್ರದ ಗಾಡಿ ಹಿಡಿದುಕೊಂಡು ಕೇರಿಕೇರಿ ಸುತ್ತಿದ. ಡಿಸೆಂಬರಿನ ಬೋನಸ್ಸು ಪೂರ್ತಿ ಬೊಂಬೆಗಳಿಗೇ ಹೋಯಿತು. ಒಂಬತ್ತು ಜನ ದೋನ್ ಉಲ್ಪಿಯಾನೊ ಒಂದೇ ಗಾಡಿಯಲ್ಲಿ ಒತ್ತೊತ್ತಿ ಕೂತು ಹೋಗುವುದನ್ನು ಕಂಡು ಜನ ಚಪ್ಪಾಳೆ ತಟ್ಟಿದರು. ಒಬ್ಬ ಪೊಲೀಸಿನವನು ಗಾಡಿ ತಡೆದು, “ಒಬ್ಬನ ಮೇಲೆ ಇಷ್ಟೊಂದು ಸಿಟ್ಟು ಒಳ್ಳೇದಲ್ಲಪ್ಪ” ಎಂದು ಬುದ್ಧಿ ಹೇಳಿದ. ಮಧ್ಯಾಹ್ನದ ಹೊತ್ತಿಗೆ ಒಂಬತ್ತನ್ನೂ ಹಿನ್ನೀರಿಗೆ ನೂಕಿ ಎಲಾದಿಯೊ ನೆಮ್ಮದಿಯ ಉಸಿರು ಬಿಟ್ಟ. ಅಷ್ಟರಲ್ಲಿ ಸಾಹೇಬರ ಫೋನು ಬಂತು.

“ಏನ್ರೀ ಎಲಾದಿಯೊ, ನನ್ನ ಬೊಂಬೆಗಳು ಎಲ್ರೀ?”

ಅವನಿಗೆ ಹೆಮ್ಮೆಯಾಯಿತು. “ಒಂದೂ ಉಳಿಸಿಲ್ಲ ಸಾಹೇಬ್ರೆ. ಎಲ್ಲಾ ನೀರುಪಾಲು.”

“ಯಾವನ್ರೀ ನಿಮಗೆ ಹೇಳಿದ್ದು?” ಸಾಹೇಬರ ದನಿ ಕಿವಿಯ ತಮಟೆ ಹರಿಯುವಂತಿತ್ತು. “ಮಾಡಿಸಿದ್ದು ನಾನು! ಊರಲ್ಲಿ ಗಣ್ಯರು ಅನ್ನಿಸ್ಕೊಂಡೋರನ್ನೆಲ್ಲ ಸುಡ್ತಾರೆ. ಹೋದ ವರ್ಷ ಆ ಸೋಪಿನ ಕಾರ್ಖಾನೆಯವನನ್ನ ಹದಿನಾಲ್ಕು ಕಡೆ ಸುಟ್ರು, ಕ್ಲಬ್ಬಲ್ಲಿ ಅವನ ಎದೆ ಇಷ್ಟಗಲ ಆಗಿತ್ತು. ನನ್ನನ್ನ ಒಬ್ರೂ ಸುಡಲಿಲ್ಲ ಕಣ್ರೀ, ಒಬ್ರೇ ಒಬ್ರೂ! ಐದು ಗಂಟೆಗೆ ನಮ್ಮ ಗೇಟ್ ಹತ್ರ ಫೋಟೊದವರು ಬರ್ತಾರೆ. ಅಷ್ಟರಲ್ಲಿ ಒಂದಾದ್ರೂ ಬೊಂಬೆ ಇರ್ಲಿಲ್ಲ ಅಂದ್ರೆ ನಿಮ್ಮ ಕೆಲಸ ಇರಲ್ಲ.”

 ಎಲಾದಿಯೊ ಬೊಂಬೆ ಮಾಡುವ ಫಿಲೆಮೋನನ ಅಂಗಡಿಗೆ ಓಡಿದ. ಅಂಗಡಿ ಬೋಳು ಬೋಳಾಗಿತ್ತು.

“ಮೈ ಇಲ್ಲಪ್ಪ, ಎಲ್ಲಾ ಮಾರಿಹೋಯ್ತು. ನಿಮ್ಮ ಸಾಹೇಬ್ರ ತಲೆ ಮಾತ್ರ ಒಂದು ಮಿಕ್ಕಿದೆ. ಒಳಗೆ ಟೊಳ್ಳು, ಹಾಕ್ಕೊಂಡ್ರೆ ಸರಿಯಾಗಿ ಕೂತ್ಕೊಳ್ತದೆ” ಎಂದ ಫಿಲೆಮೋನ್.

ಐದು ಗಂಟೆಗೆ ಸಾಹೇಬರ ಬಂಗಲೆಯ ಗೇಟಿನಲ್ಲಿ ಒಂದು ಬೊಂಬೆ ಕೂತಿತ್ತು. ಹೊಟ್ಟೆಗೆ ಮರದ ಹೊಟ್ಟು, ತೋಳಿಗೆ ಪತ್ರಿಕೆ, ತಲೆ ಕಾಗದದ್ದು. ಒಳಗಿದ್ದ ಎಲಾದಿಯೊ ಬೆವರಿನಲ್ಲಿ ತೊಯ್ದುಹೋಗಿ, ಉಸಿರೂ ಜೋರಾಗಿ ಬಿಡದೆ ಕೂತಿದ್ದ. ನಾಲ್ಕು ಫೋಟೊ ಹೊಡೆದರೆ ಮುಗಿಯಿತು, ಎಲ್ಲರೂ ಹೋಗುತ್ತಾರೆ, ಕೆಲಸ ಉಳಿಯುತ್ತದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ.

ಟಿವಿಯವರೂ ಬಂದಿದ್ದರು. ಬ್ಯಾಂಡಿನವರು ಬಾರಿಸತೊಡಗಿದರು. ದೋನ್ ಉಲ್ಪಿಯಾನೊ ಬಿಳಿ ಸೂಟಿನಲ್ಲಿ ಮೆಟ್ಟಿಲಿಳಿದು ಬಂದು, ಬೊಂಬೆಯ ಹೆಗಲ ಮೇಲೆ ಕೈಯಿಟ್ಟರು.

“ಜನ ನನ್ನನ್ನ ಸುಡ್ತಾರೆ ಅಂದ್ರೆ ಅದು ಅವರ ಪ್ರೀತಿ. ಮಧ್ಯರಾತ್ರಿವರೆಗೆ ಯಾಕೆ ಕಾಯೋದು? ಮೊದಲನೇ ಕಡ್ಡಿ ನಾನೇ ಗೀರ್ತೀನಿ!”

“ಸಾಹೇಬ್ರೆ, ನಾನು, ನಾನು ಎಲಾದಿಯೊ!” ಎಂದು ಬೊಂಬೆ ಗೊಗ್ಗರು ದನಿಯಲ್ಲಿ ಅಂಗಲಾಚಿತು. ಬ್ಯಾಂಡಿನ ಗದ್ದಲದಲ್ಲಿ ಅದು ಯಾರಿಗೂ ಕೇಳಲಿಲ್ಲ. ಸಾಹೇಬರು ಬಗ್ಗಿ ಪ್ಯಾಂಟಿನ ಅಂಚಿಗೆ ಬೆಂಕಿ ಮುಟ್ಟಿಸಿದರು.

ಬೊಂಬೆ ಚಂಗನೆ ಎದ್ದು ನಿಂತಿತು. ಸಾಹೇಬರು “ಅಯ್ಯೋ!” ಎಂದು ಇದ್ದಲ್ಲೇ ಕುಸಿದರು. ಬ್ಯಾಂಡು ಗಪ್ಪನೆ ನಿಂತಿತು. ಮುದುಕಿಯರು ಶಿಲುಬೆಯ ಗುರುತು ಹಾಕಿಕೊಂಡರು. ಬೊಂಬೆ ಗುಲಾಬಿ ಗಿಡಗಳನ್ನು ತುಳಿದು, ಫೋಟೊದವನೊಬ್ಬನನ್ನು ಕೆಡವಿ, ಕಾಲಿಂದ ಹೊಗೆ ಬಿಡುತ್ತ ಬೀದಿಯುದ್ದಕ್ಕೂ ಓಡಿ ಹಿನ್ನೀರಿಗೆ ಹಾರಿತು.

ಒದ್ದೆಮುದ್ದೆಯಾಗಿ ಮನೆ ಸೇರಿದ ಎಲಾದಿಯೊ ಸೊರಾಯ್ದಾಳ ಮುಂದೆ ನಡೆದದ್ದನ್ನೆಲ್ಲ ಹೇಳಿಕೊಂಡು ಅತ್ತ. ಪುಣ್ಯಕ್ಕೆ ಕಾಲಿಗೆ ಬೊಬ್ಬೆ ಕೂಡ ಎದ್ದಿರಲಿಲ್ಲ.

“ಅಳ್ಬೇಡ ಬಿಡು. ಆ ಸುಟ್ಟ ಪ್ಯಾಂಟ್ ಇನ್ಯಾತಕ್ಕೆ ನಿನಗೆ? ಇಲ್ಲಿ ಕೊಡು, ಬಿಸಾಕ್ತೀನಿ” ಎಂದು ಅವಳು ತೆಗೆದುಕೊಂಡು ಹೋದಳು.

ಏಳರ ವಾರ್ತೆಯಲ್ಲಿ ಅದೇ ಸುದ್ದಿ. “ಹಾಸಿಗೆ ಸಾಹುಕಾರನನ್ನು ಬಿಟ್ಟು ಓಡಿದ ಸ್ವಂತ ಪ್ರತಿಕೃತಿ!” ಊರಿಗೆ ಊರೇ ನಗುತ್ತಿತ್ತು. ತನ್ನ ಕಥೆ ಮುಗಿಯಿತು ಎಂದು ಎಲಾದಿಯೊ ಅಂದುಕೊಳ್ಳುವಷ್ಟರಲ್ಲಿ ಸಾಹೇಬರ ಫೋನು ಬಂತು.

“ನೋಡಿದ್ರೇನ್ರೀ?” ಸಾಹೇಬರು ಕುಣಿಯುವುದೊಂದು ಬಾಕಿ. “ಎಲ್ಲರ ಬಾಯಲ್ಲೂ ನನ್ನದೇ ಹೆಸರು! ಸೋಪಿನವನು ಹೊಟ್ಟೆಕಿಚ್ಚಿಂದ ಫೋನ್ ಮಾಡಿದ್ದ. ನೀವು ಮೂರು ವರ್ಷದಲ್ಲಿ ಮಾಡದೇ ಇದ್ದದ್ದನ್ನ ಆ ಬೊಂಬೆಯೊಳಗಿನ ಮನುಷ್ಯ ಮೂರು ನಿಮಿಷದಲ್ಲಿ ಮಾಡಿದ. ನಾಳೆಯಿಂದ ನಿಮ್ಮ ಕೆಲಸ ಅವನಿಗೆ.”

“ಸಾಹೇಬ್ರೆ, ಅದು ನಾನೇ!”

“ಇದನ್ನೇ ಎಲ್ಲರೂ ಹೇಳ್ತಾರೆ ಕಣ್ರೀ. ನಿಮಗಿಂತ ಮುಂಚೆ ಏಳು ಜನ ಹೇಳಿದ್ರು. ಆದ್ರೆ ಸಾಕ್ಷಿ ತಂದೋನು ಒಬ್ಬನೇ. ಸುಟ್ಟ ಪ್ಯಾಂಟ್ ಸಮೇತ ಬಂದು ನನ್ನ ಮುಂದೆಯೇ ಕೂತಿದಾನೆ. ಕೊಡ್ತೀನಿ, ಮಾತಾಡಿ.”

ಫೋನಿನಲ್ಲಿ ಗುಟ್ಟಿನ ದನಿಯೊಂದು ಕೇಳಿತು. ಸೊರಾಯ್ದಾಳ ಗಂಡ ನೆಸ್ತೋರನದು.

“ಬೇಜಾರ್ ಮಾಡ್ಕೋಬೇಡಪ್ಪ ಎಲಾದಿಯೊ, ಎಲ್ಲಾ ಸೊರಾಯ್ದಾದೇ ಐಡಿಯಾ. ಈಗೊಂದು ಫಜೀತಿ ಆಗಿದೆ ನೋಡು. ಸಾಹೇಬ್ರು ಇದನ್ನ ಪ್ರತಿ ತಿಂಗಳೂ ಮಾಡಿಸ್ತಾರಂತೆ. ಬೆಂಕಿ ಹಚ್ಕೊಂಡು ಓಡೋದು ನನ್ನ ಕೈಲಾಗಲ್ಲ. ಆಫೀಸು ನಾನು ನೋಡ್ಕೋತೀನಿ, ಓಡೋಕೆ ನೀನು ಬರ್ತೀಯಾ?”

ಎಲಾದಿಯೊ ಫೋನು ಇಟ್ಟುಬಿಡಲು ಹೊರಟ.  ಆಮೇಲೆ, ಮನೆ ಬಾಡಿಗೆ ನೆನಪಾಗಿ, ಮೆಲ್ಲಗೆ ಕೇಳಿದ:

“ಪ್ಯಾಂಟ್ ಯಾರು ಕೊಡ್ತಾರೆ?”