ಮಾಸ್ತರರ ಪುಸ್ತಕ, ನನ್ನ ಕಣ್ಣೀರು

ಪುಸ್ತಕ ಓದುವುದೇನು ಮಹಾ ಕೆಲಸ ಎಂದುಕೊಂಡಿದ್ದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡಿಕೊಂಡಿರುವ ನನಗೆ ಹಾವೇರಿಯಿಂದ ಒಂದು ಪುಸ್ತಕ ಬಂತು. ಬರೆದವರು ಒಬ್ಬ ನಿವೃತ್ತ ಮಾಸ್ತರರು. ತಮ್ಮ ಮಗನಿಗೆ ನಮ್ಮ ಮಗಳು ಸುಮಾಳನ್ನು ಕೇಳಿದ್ದರು. ಸುಮಾಗೂ ಹುಡುಗ ಬಹಳ ಮನಸ್ಸಿಗೆ ಬಂದಿದ್ದ. ಭಾನುವಾರ ಅವರೆಲ್ಲ ಹುಡುಗಿ ನೋಡಲು ಬರುವವರಿದ್ದರು. "ಅಷ್ಟರಾಗ ಓದಿರ್ರಿ, ಕುಂತು ಮಾತಾಡೂಣು" ಎಂದು ಮಾಸ್ತರರು ಫೋನಿನಲ್ಲಿ ಹೇಳಿದರು.

ಕಾಲೇಜು ದಿನಗಳಲ್ಲಿ ಬೇಸಿಗೆ ರಜೆಗೆ ಕೆರೆ ದಂಡೆಯ ರೆಸಾರ್ಟೊಂದರಲ್ಲಿ ಅವರು ದುಡಿದ ಕಥೆ ಅದು. ದೋಣಿ ತೊಳೆದದ್ದು, ಚಾದರ ಮಡಚಿದ್ದು. ಮೂರನೇ ಪುಟಕ್ಕೆ ನನಗೆ ನಿದ್ದೆ ಬಂತು. ನಾಲ್ಕನೇ ಪುಟಕ್ಕೆ ಹಾರಿಹೋಯಿತು. ಸುಳ್ಳು ಹೇಳುವವರನ್ನು ಮುಖ ನೋಡಿಯೇ ಗುರುತಿಸುವ ವಿದ್ಯೆಯನ್ನು ಅಲ್ಲಿ ಕಲಿತೆ ಎಂದು ಬರೆದಿದ್ದರು! ಅಲ್ಲಿಂದ ಮುಂದೆ ಹೆದರಿಕೆಗೆ ಒಂದಕ್ಷರವೂ ತಲೆಗೆ ಇಳಿಯಲಿಲ್ಲ.

"ಎಲ್ಲಿ ತನಕ ಬಂತ್ರಿ?" ಎಂದಳು ಹೆಂಡತಿ ಗಿರಿಜಾ.

"ಕೆರಿ ತನಕ ಬಂದೇನಿ."

"ಕೆರಿ ರಟ್ಟಿನ ಮ್ಯಾಲೇ ಐತಿ. ನಿಮ್ಮಿಂದ ಈ ಸಂಬಂಧ ತಪ್ಪಿತಂದ್ರ ನಾ ಸುಮ್ನ ಬಿಡಂಗಿಲ್ಲ ನೋಡ್ರಿ."

ಭಾನುವಾರ ಮುಂಜಾನೆ ಮತ್ತೆ ಪುಸ್ತಕ ಹಿಡಿದು ಕುಳಿತೆ. ಹೆದರಿದಾಗ ನನಗೊಂದು ಚಟ: ಸ್ಯಾಂಪಲ್ ಚೀಲದಿಂದ ಮೆಣಸಿನಕಾಯಿ ತೆಗೆದು ಮುರಿಯುತ್ತ ಕೂರುವುದು. ಪುಟಕ್ಕೊಂದು ಮುರಿದೆ. ಬೆವರು ಕಣ್ಣಿಗಿಳಿಯಿತು, ಅದೇ ಕೈಯಿಂದ ಒರೆಸಿಕೊಂಡೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಗಿರಾಕಿಗಳಿಗೆ ಜನ್ಮವಿಡೀ ಹೇಳುತ್ತ ಬಂದಿದ್ದೇನೆ. ನನ್ನ ಕಣ್ಣು ಅದನ್ನು ಒಪ್ಪಲಿಲ್ಲ.

ಅಷ್ಟರಲ್ಲಿ ಮಾಸ್ತರರು ಒಳಗೇ ಬಂದರು. ನನ್ನ ತೊಡೆಯ ಮೇಲೆ ಅವರ ಪುಸ್ತಕ, ಕೆನ್ನೆಯ ಮೇಲೆ ಧಾರಾಕಾರ ನೀರು. ಮನುಷ್ಯ ಕರಗಿಯೇ ಹೋದರು. "ಯಾವ ಪುಟ ಅದು?" ಎಂದು ಬಗ್ಗಿ ನೋಡಿದರು. "ಚಹಾದ ತಾಟು ಹಿಡಕೊಂಡು ನಾ ನೀರಾಗ ಬಿದ್ದದ್ದು. ಇದನ್ನ ನಗಸಾಕ ಬರದಿದ್ದೆ."

"ನಿಮಗ ಎಷ್ಟು ಪೆಟ್ಟಾಗಿತ್ತೋ ಅಂತ ಸಂಕಟ ಆತ್ರಿ" ಎಂದೆ.

ಮಾಸ್ತರರು ಗದ್ಗದಿತರಾಗಿ ನನ್ನ ಎರಡೂ ಕೈ ಹಿಡಿದುಕೊಂಡರು. ಆಮೇಲೆ ನನ್ನ ಕೈ ಹಿಡಿದ ಅವೇ ಕೈಗಳಿಂದ ತಮ್ಮ ಕಣ್ಣೊರೆಸಿಕೊಂಡರು.

ಹಿತ್ತಲ ನಲ್ಲಿಯ ಕೆಳಗೆ ಇಬ್ಬರೂ ತಲೆಯೊಡ್ಡಿದೆವು. ನಾನು ಕೈ ಮುಗಿದೆ. "ಪುಸ್ತಕ ಓದಿಲ್ರಿ, ತಪ್ಪಾತು. ನನ್ನ ಮ್ಯಾಲಿನ ಸಿಟ್ಟು ಹುಡುಗಿ ಮ್ಯಾಲೆ ತೀರಿಸಬ್ಯಾಡ್ರಿ."

ಮಾಸ್ತರರು ಕಣ್ಣಿಗೆ ನೀರು ಚಿಮುಕಿಸಿಕೊಳ್ಳುತ್ತಲೇ ಹೇಳಿದರು: "ಅದನ್ನ ನಮ್ಮ ಮನ್ಯಾಗೂ ಯಾರೂ ಓದಿಲ್ಲ ಬಿಡ್ರಿ. ಹುಡುಗಿ ನಮಗ ಮೊದಲಿಂದ್ಲೂ ಪಸಂದ ಅದಾಳ. ನಾವು ನೋಡಾಕ ಬಂದಿದ್ದು ಆಕಿನ್ನ. ನಿಮ್ಮನ್ನೇನು ನೋಡೂದೈತಿ?"