ತಂಗಿಯ ಆಂಪ್ಲಿಗೆ ಸೊಳ್ಳೆಯ ದನಿ

ನಾನು ಮಾಡಬೇಕಾಗಿದ್ದ ಕೆಲಸ ಬಹಳ ಸಣ್ಣದು. ನನ್ನದೇ ಬೆಸುಗೆಯನ್ನು ನಾನು ಒಂದು ಸಲ ತಿರುಗಿ ನೋಡಬೇಕಿತ್ತು. ನೋಡಲಿಲ್ಲ. ರೇಡಿಯೋ ರಿಪೇರಿಯವರಲ್ಲಿ ಒಂದು ಅಭ್ಯಾಸವಿದೆ. ಇನ್ನೊಬ್ಬರು ಕೈಯಿಟ್ಟ ಸಾಮಾನು ಅಂಗಡಿಗೆ ಬಂದರೆ, ಮುಚ್ಚಳ ತೆಗೆದ ಕೂಡಲೇ ಗಿರಾಕಿಗೆ ಕೇಳಿಸುವ ಹಾಗೆ ನಿಟ್ಟುಸಿರು ಬಿಟ್ಟು, "ಯಾವ ಪುಣ್ಯಾತ್ಮ ಮಾಡಿದ್ದು ಇದನ್ನ?" ಎಂದು ಕೇಳುತ್ತೇವೆ. ನಮ್ಮ ಕೈಯೇ ಮುಟ್ಟಿದ ಸಾಮಾನು ತಿರುಗಿ ಬಂದಾಗ ಮಾತ್ರ ಕರೆಂಟಿನ ಮೇಲೆ ಅನುಮಾನ ಬರುತ್ತದೆ, ಹವೆಯ ಮೇಲೆ ಬರುತ್ತದೆ, ಕೊನೆಗೆ ಗಿರಾಕಿಯ ಮೇಲೂ ಬರುತ್ತದೆ. ನಮ್ಮ ಮೇಲೆ ಬರುವುದಿಲ್ಲ. ನನ್ನ ವಿಷಯದಲ್ಲಿ ಗಿರಾಕಿ ಎಂದರೆ ನನ್ನ ಸ್ವಂತ ತಂಗಿ ಸುಮಿ.

ನಮ್ಮಪ್ಪ ಬ್ಯಾಂಕಿನಲ್ಲಿ ಗುಮಾಸ್ತರು. ಗದಗಿನಿಂದ ವಿಜಯವಾಡಕ್ಕೆ ವರ್ಗವಾದಾಗ ನನ್ನನ್ನು ಏಳನೆಯ ಇಯತ್ತೆಯ ನಡುವಿನಿಂದ ಕಿತ್ತು ಪಟಮಟದ ತೆಲುಗು ಶಾಲೆಯಲ್ಲಿ ಕೂರಿಸಿದರು. ತೆಲುಗಿನ ಅಕ್ಷರ ನೋಡುವುದಕ್ಕೆ ನಮ್ಮವರ ಹಾಗೆಯೇ ಇರುತ್ತದೆ. ಆ ಪರಿಚಯದ ಮುಖ ನಂಬಿ ನಾನು ಫೇಲಾದೆ, ಮರುವರ್ಷವೂ ನಂಬಿ ಮತ್ತೆ ಫೇಲಾದೆ. ಅಪ್ಪ ಹೆಚ್ಚು ಮಾತಾಡದೆ ನನ್ನನ್ನು ಒಂದು ರೇಡಿಯೋ ಅಂಗಡಿಗೆ ಸೇರಿಸಿದರು. ಸುಮಿ ಹುಟ್ಟಿದ್ದು ವಿಜಯವಾಡದಲ್ಲೇ. ತೆಲುಗನ್ನು ನೀರು ಕುಡಿದಂತೆ ಕುಡಿದು ಬಿ.ಎ. ಮುಗಿಸಿದಳು, ಗಿಟಾರ್ ಕಲಿತಳು, ಸತ್ಯಂ ಎಂಬ ಸಂಭಾವಿತ ತೆಲುಗು ಹುಡುಗನನ್ನು ಮದುವೆಯಾಗಿ ಸಮುದ್ರದ ದಡದ ಭೀಮುನಿಪಟ್ಟಣಕ್ಕೆ ಹೋದಳು. ಅಲ್ಲಿಂದ ಬಸ್ಸಿನಲ್ಲಿ ವಿಶಾಖಪಟ್ಟಣಕ್ಕೆ ಹೋಗಿ ಮದುವೆ, ಗಣೇಶನ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾದ ಜೊತೆ ನುಡಿಸುತ್ತಿದ್ದಳು. ಮನೆಯಲ್ಲಿ ಸಂಬಂಧ ನೋಡುವುದಿರಲಿ, ಸೀರೆ ಆರಿಸುವುದಿರಲಿ, ಸುಮಿಯನ್ನೇ ಕೇಳುತ್ತಿದ್ದರು. ನನ್ನ ಮಾತಿಗೆ ಬೆಲೆ ಬರುತ್ತಿದ್ದದ್ದು ರೇಡಿಯೋ ಕೆಟ್ಟಾಗ. ರೇಡಿಯೋ ಕೆಡಲಿ ಎಂದು ದೇವರನ್ನು ಬೇಡಿಕೊಂಡದ್ದೂ ಉಂಟು.

ಸುಮಿಯ ಬಳಿ ಒಂದು ಹಳೆಯ ವಾಲ್ವ್ ಆಂಪ್ಲಿಫೈಯರ್ ಇತ್ತು. ಬಂದರಿನ ಕಡೆಯ ಯಾರೋ ಊರು ಬಿಟ್ಟು ಹೋಗುವಾಗ ಕೊಟ್ಟದ್ದು. ಎರಡು ಸ್ಪೀಕರಿನ ಮರದ ಪೆಟ್ಟಿಗೆ. ಎತ್ತಿದರೆ ಸೊಂಟ ಹಿಡಿಯುತ್ತದೆ. ಸ್ವಿಚ್ ಒತ್ತಿದ ಮೇಲೆ ವಾಲ್ವುಗಳು ನಿಧಾನವಾಗಿ ಕೆಂಪಗಾಗಿ, ಬೆಚ್ಚಗಿನ ಧೂಳಿನ ವಾಸನೆ ಬಂದು, ಆಮೇಲೆ ದನಿ ಬರುತ್ತಿತ್ತು. ಅದು ಕಿವಿಗಿಂತ ಮೊದಲು ಹೊಟ್ಟೆಗೆ ತಟ್ಟುವ ದನಿ. ಮುಂದಿನ ಬಟ್ಟೆಯನ್ನು ಇಲಿ ಕಡಿದಿತ್ತೆಂದು ಆಕೆ ಅದನ್ನು ದಸರೆಗೆ ಬರುವಾಗ ರೈಲಿನಲ್ಲಿ ಹೊತ್ತು ತಂದಳು.

"ಅಣ್ಣಾ, ಅರಿವಿ ಅಷ್ಟ ಬದಲ್ ಮಾಡು. ಒಳಗ ಏನೂ ಮುಟ್ಟಬ್ಯಾಡ" ಎಂದಳು.

"ನನಗ ಹೇಳಿಕೊಡ್ತೀಯೇನು?" ಎಂದೆ ನಾನು.

ಬಟ್ಟೆ ಎಳೆದು ಹೊಡೆಯಬೇಕಾದರೆ ಸ್ಪೀಕರುಗಳನ್ನು ಬಿಚ್ಚಲೇಬೇಕು. ಬಿಚ್ಚಿ ಇಟ್ಟೆ. ಮರುದಿನ ಖಂಡೇನವಮಿ. ನಮ್ಮ ಅವ್ವ ಅವತ್ತು ಅರಿಷಿಣ ಕುಂಕುಮದ ಬಟ್ಟಲು ಹಿಡಿದು ಅಂಗಡಿಗೆ ಬಂದರೆ ಯಾವ ಸಾಮಾನಿಗೂ ಬಿಡುಗಡೆಯಿಲ್ಲ. ಇಕ್ಕಳ, ಬೆಸುಗೆಯ ಕಡ್ಡಿ, ಮೀಟರು, ನನ್ನ ಸೈಕಲ್ಲು, ರಿಪೇರಿಗೆ ಬಂದ ಗಿರಾಕಿಗಳ ಟೇಪ್ ರೆಕಾರ್ಡರು, ಎಲ್ಲಕ್ಕೂ ಬೊಟ್ಟು. ಬೋರಲು ಮಲಗಿದ್ದ ಸುಮಿಯ ಸ್ಪೀಕರುಗಳಿಗೂ ಇಟ್ಟರು. ಮಂಗಳಾರತಿಯಾಗಿ ಚುರುಮುರಿ ಹಂಚಿ ಮುಗಿದ ಮೇಲೆ ನಾನು ಎಲ್ಲವನ್ನೂ ಜೋಡಿಸಿ ಬೆಸೆದೆ. ಹೊಸ ಬಟ್ಟೆ ಹಾಕಿಸಿಕೊಂಡ ಆಂಪ್ಲಿ ಮದುಮಗನ ಹಾಗೆ ಕಂಡಿತು. ಸುಮಿ ಗಿಟಾರ್ ಸಿಕ್ಕಿಸಿ ಒಂದು ತಂತಿ ಮೀಟಿದಳು. ಡಬ್ಬಿಯೊಳಗೆ ಸಿಕ್ಕ ಸೊಳ್ಳೆಯಂಥ ದನಿ ಬಂತು.

ಇಬ್ಬರೂ ದಂಗಾದೆವು. ಆದರೆ ಮೊದಲು ಚೇತರಿಸಿಕೊಂಡವನು ನಾನು. ಕಸುಬು ಕಲಿಸಿದ ಗುಣ. "ವಾಲ್ವ್ ದಣದಾವ. ನಿಮ್ಮ ಸಮುದ್ರದ ಹವಾ" ಎಂದೆ.

"ನಿನ್ನೆ ಚಲೋ ಇತ್ತಲ್ಲಣ್ಣಾ."

"ಒಳಗ ಮುಟ್ಟಬ್ಯಾಡ ಅಂದಾಕಿ ನೀನ. ನಾ ಮುಟ್ಟೇ ಇಲ್ಲ."

ಮುಂದಿನ ತಿಂಗಳುಗಳಲ್ಲಿ ಸುಮಿ ತವರಿಗೆ ಬಂದಾಗಲೆಲ್ಲ ಹೊತ್ತು ತರುತ್ತಿದ್ದ ಆ ಪೆಟ್ಟಿಗೆಗೆ ನಾನು ಮಾಡದ ವೈದ್ಯವಿಲ್ಲ. ಎಲ್ಲಿಂದಲೋ ಹುಡುಕಿಸಿ ಹೊಸ ವಾಲ್ವ್ ಹಾಕಿದೆ. ಕಂಡೆನ್ಸರುಗಳನ್ನು ಬದಲಿಸಿದೆ. ಗಿಟಾರಿನ ತಂತಿ ಬದಲಿಸೆಂದೆ, ಬದಲಿಸಿದಳು. ಸೊಳ್ಳೆ ಮಾತ್ರ ಬದಲಾಗಲಿಲ್ಲ. ಸ್ಪೀಕರಿನ ಕಡೆ ನಾನು ತಿರುಗಿ ನೋಡಲಿಲ್ಲ, ಏಕೆಂದರೆ ಅಲ್ಲಿ ಇದ್ದದ್ದು ನನ್ನ ಬೆಸುಗೆ.

ಆ ದಿನಗಳಲ್ಲೇ ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರದ ಕಲ್ಯಾಣಮಂಟಪವೊಂದಕ್ಕೆ ಸುಮಿಯ ಆರ್ಕೆಸ್ಟ್ರಾ ಬಂತು. ಅದರ ಯಜಮಾನರನ್ನು ಎಲ್ಲರೂ ಮಾಸ್ಟರ್‌ಗಾರು ಎನ್ನುತ್ತಿದ್ದರು. ಭೀಮುನಿಪಟ್ಟಣದಲ್ಲಿ ಅವರ ಮನೆ ಸುಮಿಯ ಮನೆಯ ಎದುರಿಗೇ. ಊಟದ ಹೊತ್ತಿನಲ್ಲಿ ಅವರು ನನ್ನ ಪಕ್ಕ ಕೂತು ಮೆಲ್ಲಗೆ ಕೇಳಿದರು, ಗಿಟಾರು ಸೊಳ್ಳೆ ಹಾಡಿದ ಹಾಗಿದೆ, ತಪ್ಪು ಪೆಟ್ಟಿಗೆಯದೋ ಅಮ್ಮಾಯಿಯದೋ ಎಂದು. ನನ್ನ ಜೀವನದಲ್ಲಿ ಒಬ್ಬ ದೊಡ್ಡ ಮನುಷ್ಯ ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ಎಲೆಯ ಮೇಲಿನ ಪುಳಿಹೋರ ಕಲಸುತ್ತಾ ನಾನು ನನ್ನ ಹರಕು ತೆಲುಗಿನಲ್ಲಿ ಹೇಳಿದೆ, "ಪೆಟ್ಟಿಗೆ ಫಸ್ಟ್ ಕ್ಲಾಸ್ ಇದೆ ಮಾಸ್ಟರ್‌ಗಾರೂ. ನಾನೇ ನೋಡಿದ್ದೇನೆ. ಇನ್ನು ಕೈಯನ್ನೇ ನೋಡಬೇಕು." ಹಿಂದೆ ಸುಮಿ ವೈರ್ ಸುತ್ತುತ್ತಿದ್ದಳು. ಆಕೆಗೆ ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆ. ಕೇಳಿಸಬಾರದ ಮಾತು ಕೇಳಿಸಿರುವುದಿಲ್ಲ ಎಂಬ ನಂಬಿಕೆ ನನಗೆ ಚಿಕ್ಕಂದಿನಿಂದಲೂ ಇದೆ.

ಸ್ವಲ್ಪ ಕಾಲಕ್ಕೆ ಸುದ್ದಿ ಬಂತು. ಸುಮಿಯ ಜಾಗದಲ್ಲಿ ಈಗ ಕೀಬೋರ್ಡ್ ನುಡಿಸುವ ಒಬ್ಬಾತ ಕೂರುತ್ತಾನೆ. ಸುಮಿ ಗಿಟಾರನ್ನು ಅಟ್ಟದ ಮೇಲಿಟ್ಟಿದ್ದಾಳೆ. ಆಂಪ್ಲಿಯ ಮೇಲೆ ಅತ್ತೆಯ ಆವಕಾಯಿ ಉಪ್ಪಿನಕಾಯಿಯ ಜಾಡಿ ಕೂತಿದೆ. "ಆಕೀಗೆ ಯಾಕೋ ಮನಸ್ಸ ಇಲ್ಲಂತ" ಎಂದರು ಅವ್ವ. ನಾನು ಹೂಂ ಎಂದೆ.

ಮತ್ತೆ ಖಂಡೇನವಮಿ ಬಂತು. ಅವ್ವ ಬಟ್ಟಲು ಹಿಡಿದು ಬಂದರು. ಮೇಜಿನ ಮೇಲೆ ಯಾರದೋ ಸ್ಪೀಕರು ಬೋರಲು ಮಲಗಿತ್ತು. ಸ್ಪೀಕರಿನ ಬೆನ್ನಿಗೆ ವೈರ್ ಬೆಸೆಯುವ ಎರಡು ತಗಡಿನ ಕಿವಿಗಳಿರುತ್ತವೆ. ಒಂದರ ಪಕ್ಕ ಕಾರ್ಖಾನೆಯವರೇ ಒಂದು ಕೆಂಪು ಚುಕ್ಕೆ ಇಟ್ಟಿರುತ್ತಾರೆ. ಕೆಂಪು ವೈರನ್ನು ಅಲ್ಲಿಗೇ ಹಚ್ಚಬೇಕು. ಅವ್ವ ಬಗ್ಗಿ ನೋಡಿ, "ಒಂದ ಕಡೆ ಬೊಟ್ಟ ಐತಿ, ಇನ್ನೊಂದ ಕಡೆ ಬೋಳು ಬಿಟ್ಟಾರ ನೋಡು" ಎನ್ನುತ್ತಾ ಚುಕ್ಕೆಯಿಲ್ಲದ ಕಿವಿಯ ಪಕ್ಕ ದುಂಡಗೆ ಕುಂಕುಮ ಇಟ್ಟರು. ಕಾರ್ಖಾನೆಯ ಚುಕ್ಕೆ ಮಾಸಿತ್ತು. ಅವ್ವನದು ಹೊಳೆಯುತ್ತಿತ್ತು.

ಇಷ್ಟು ವರ್ಷ ಕರೆಂಟಿನ ಜೊತೆ ಸಂಸಾರ ಮಾಡಿದವನು ನಾನು. ಅಂಥ ಶಾಕ್ ಯಾವ ತಂತಿಯೂ ನನಗೆ ಕೊಟ್ಟಿರಲಿಲ್ಲ. ಕೈಯಲ್ಲಿದ್ದ ತೆಂಗಿನಕಾಯಿ ಕೈಯಲ್ಲೇ ಉಳಿಯಿತು. ಎರಡು ಸ್ಪೀಕರುಗಳಲ್ಲಿ ಒಂದಕ್ಕೆ ವೈರ್ ತಿರುಗಿಸಿ ಹಚ್ಚಿದರೆ ಒಂದು ಗಾಳಿಯನ್ನು ಮುಂದಕ್ಕೆ ನೂಕುತ್ತದೆ, ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ದಪ್ಪ ದನಿಯೆಲ್ಲ ಅವೆರಡರ ನಡುವೆಯೇ ಸತ್ತುಹೋಗಿ ತೆಳು ದನಿಯಷ್ಟೇ ಹೊರಗೆ ಬರುತ್ತದೆ. ನಾನು ಸುಮಿಯ ಎರಡು ಸ್ಪೀಕರುಗಳಲ್ಲಿ ಒಂದರ ಕೆಂಪು ವೈರನ್ನು ಕುಂಕುಮಕ್ಕೆ ಬೆಸೆದಿದ್ದೆ.

ಆವತ್ತೇ ರೈಲು ಹತ್ತಿದೆ ಎಂದು ಬರೆಯಲು ಆಸೆ. ಹತ್ತಲಿಲ್ಲ. ದೀಪಾವಳಿ ಹತ್ತಿರ ಬಂತು, ಗಿರಾಕಿಗಳು ಹೆಚ್ಚಾದರು, ಮಳೆ ಹಿಡಿಯಿತು, ಸೊಂಟ ಹಿಡಿಯಿತು. ಚಳಿ ಬಿದ್ದ ಮೇಲೆ ಕೊನೆಗೂ ಬೆಸುಗೆಯ ಕಡ್ಡಿಯನ್ನೂ ಒಂದು ಟಾರ್ಚಿನ ಸೆಲ್ಲನ್ನೂ ಚೀಲಕ್ಕೆ ಹಾಕಿಕೊಂಡು ಭೀಮುನಿಪಟ್ಟಣದಲ್ಲಿ ಇಳಿದೆ. "ಸುಮ್ಮನ ಹಂಗ ನೋಡೂಣು ಅಂತ" ಎಂದು ಹೇಳಿ ಆವಕಾಯಿ ಜಾಡಿಯನ್ನು ಇಳಿಸಿದೆ. ಸ್ವಿಚ್ ಹಾಕಿ ಗಿಟಾರಿನ ವೈರಿನ ತುದಿಗೆ ಬೆರಳು ಮುಟ್ಟಿಸಿ ಕೇಳಿದೆ, ಸೊಳ್ಳೆ ಇತ್ತು. ಪ್ಲಗ್ ಕಿತ್ತು ಆತುರದಲ್ಲಿ ಹಿಂದಿನಿಂದ ಕೈ ಹಾಕಿದೆ. ಮುಂದೆ ನನಗೆ ತಿಳಿದದ್ದು ನಾನು ಗೋಡೆಗೆ ಒರಗಿ ಕೂತಿದ್ದೇನೆ ಎಂದು.

"ಬಾವಗಾರೂ, ಪ್ಲಗ್ ತೀಸಾರಾ?" ಎಂದು ಓಡಿ ಬಂದ ಸತ್ಯಂ.

ಪ್ಲಗ್ ತೆಗೆದಿದ್ದೆ. ಆದರೆ ವಾಲ್ವ್ ಆಂಪ್ಲಿಯ ಕಂಡೆನ್ಸರು ಪ್ಲಗ್ ತೆಗೆದ ಮೇಲೂ ಕರೆಂಟನ್ನು ಹಿಡಿದಿಟ್ಟುಕೊಂಡು, ಮುಟ್ಟುವವರು ಬರಲಿ ಎಂದು ಸುಮ್ಮನೆ ಕಾಯುತ್ತದೆ. ನಮ್ಮ ಮನೆಯ ಹೆಣ್ಣುಮಕ್ಕಳದೂ ಇದೇ ಗುಣ ಎಂಬುದು ಆಗ ನನಗೆ ನೆನಪಿಗೆ ಬರಬೇಕಿತ್ತು.

ಸೆಲ್ಲನ್ನು ತಂತಿಯಿಂದ ಮೊದಲ ಸ್ಪೀಕರಿಗೆ ಮುಟ್ಟಿಸಿದೆ. ಅದರ ಕಾಗದ ಮುಂದಕ್ಕೆ ಉಬ್ಬಿತು. ಎರಡನೆಯದಕ್ಕೆ ಮುಟ್ಟಿಸಿದೆ, ಹಿಂದಕ್ಕೆ ಸರಿಯಿತು. ವೈರ್ ಅದಲುಬದಲು ಮಾಡಿ ಬೆಸೆಯಲು ಕಾಫಿ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಸುಮಿ ಅಟ್ಟದಿಂದ ಗಿಟಾರ್ ಇಳಿಸಿ, ಧೂಳು ಒರೆಸಿ, ಮೀಟಿದಳು. ಅಡುಗೆಮನೆಯ ತಟ್ಟೆಗಳು ನಡುಗಿದವು. ಸುಮಿಯ ಕೈ ತಂತಿಯ ಮೇಲೆಯೇ ನಿಂತುಬಿಟ್ಟಿತು.

"ಏನಾಗಿತ್ತಣ್ಣಾ?"

"ಉಪ್ಪಿನ ಹವಾ..." ಎಂದು ನಾನು ಶುರುಮಾಡುವಷ್ಟರಲ್ಲಿ ಆಕೆ ಬಗ್ಗಿ ಸ್ಪೀಕರಿನ ಬೆನ್ನು ನೋಡಿದಳು. ತಗಡಿನ ಕಿವಿಯ ಪಕ್ಕ ಬೆರಳಿಟ್ಟಳು. ಬೆರಳ ತುದಿ ಕೆಂಪಾಯಿತು.

"ಇದು ಅವ್ವನ ಕುಂಕುಮ" ಎಂದಳು. ಬೆರಳನ್ನು ನನ್ನ ಮುಂದೆ ಹಿಡಿದಳು. "ವೈರ್ ಎಲ್ಲಾರ ಕೈಯಾಗೂ ತಪ್ಪತಾವ. ಮಾಸ್ಟರಿಗೆ ನನ್ನ ಕೈ ನೋಡಬೇಕು ಅಂತ ಯಾಕ ಹೇಳಿದಿ?"

ಕಂಡೆನ್ಸರಿನ ಶಾಕ್ ಇದರ ಮುಂದೆ ಏನೂ ಅಲ್ಲ. ಆಕೆ ಅವತ್ತೇ ಕೇಳಿಸಿಕೊಂಡಿದ್ದಳು. ಕೇಳಿಸಿಕೊಂಡೂ, ನಾನು ಹೇಳಿದಾಗಲೆಲ್ಲ ತಂತಿ ಬದಲಿಸಿದ್ದಳು. ಅಣ್ಣನಿಗೆ ತಿಳಿದಿರುತ್ತದೆ ಎಂದು ತನ್ನ ಕೈಯ ಮೇಲೆ ತಾನೇ ಅನುಮಾನಪಟ್ಟಿದ್ದಳು. ನಾನು ನೆಲ ನೋಡುತ್ತಾ ಗಂಟಲೊಳಗೇ ಏನೋ ಅಂದೆ.

"ಕೇಳಸಲಿಲ್ಲ" ಎಂದಳು ಸುಮಿ. ಪೆಟ್ಟಿಗೆಯನ್ನು ಕಿಟಕಿಯ ಕಡೆಗೆ ತಿರುಗಿಸಿದಳು. ಒಂದು ಮೈಕ್ ತಂದು ಅದಕ್ಕೆ ಸಿಕ್ಕಿಸಿ ನನ್ನ ಕೈಗೆ ಕೊಟ್ಟಳು. "ಇದ್ರಾಗ ಹೇಳು. ಮೊದಲ ತೆಲುಗಿನಾಗ. ಮಾಸ್ಟರಿಗೆ ಕನ್ನಡ ಬರೂದಿಲ್ಲ."

ಏಳನೆಯ ಇಯತ್ತೆಯಲ್ಲಿ ಫೇಲಾದ ತೆಲುಗಿನಲ್ಲಿ ಹೇಳಿದೆ: "ಮಾಸ್ಟರ್‌ಗಾರೂ, ತಪ್ಪು ನಾದೇ. ಮಾ ಚೆಲ್ಲಿ ಚೇತಿಲೋ ಏ ತಪ್ಪೂ ಲೇದು." ತಪ್ಪು ನನ್ನದೇ, ತಂಗಿಯ ಕೈಯಲ್ಲಿ ತಪ್ಪೇನೂ ಇಲ್ಲ ಎಂಬ ಮಾತು ಬೀದಿಯ ತುದಿಯವರೆಗೂ ಹೋಯಿತು. ಮೀನು ಮಾರುವಾಕೆ ಬುಟ್ಟಿ ಇಳಿಸಿ ನಿಂತಳು. ಸುಮಿಯ ಅತ್ತೆ ಸೌಟು ಹಿಡಿದು ಹೊರಗೆ ಬಂದರು. ಎದುರು ಮನೆಯ ಜಗುಲಿಗೆ ಹೆಗಲ ಮೇಲಿನ ಟವೆಲ್ಲಿನೊಡನೆ ಬಂದ ಮಾಸ್ಟರ್‌ಗಾರು ಸ್ವಲ್ಪ ಹೊತ್ತು ಕಿವಿಗೊಟ್ಟು, "ಆದಿವಾರಂ ಆ ಪೆಟ್ಟೆ ತೀಸುಕುನಿ ರಾ ಅಮ್ಮಾ" ಎಂದು, ಭಾನುವಾರ ಪೆಟ್ಟಿಗೆ ತೆಗೆದುಕೊಂಡು ಬರಲು ಹೇಳಿ ಒಳಗೆ ಹೋದರು.

ಮುಗಿಯಿತೆಂದು ಮೈಕ್ ತಿರುಗಿ ಕೊಡಲು ಹೋದೆ. ಸುಮಿ ಕೈ ಚಾಚಲಿಲ್ಲ. "ಅದು ಮಾಸ್ಟರಿಗಾತು" ಎಂದಳು. "ನನಗ?"

ನನ್ನ ದನಿ ಅಷ್ಟು ದಪ್ಪವಾಗಿದೆ ಎಂದು ನನಗೇ ಗೊತ್ತಿರಲಿಲ್ಲ. ರಿಪೇರಿಯಂತೂ ಈ ಸಲ ಚೆನ್ನಾಗಿಯೇ ಆಗಿತ್ತು. "ಸುಮೀ" ಎಂದೆ, ಕಿಟಕಿಯ ಸರಳು ಗುಂಯ್ ಎಂದಿತು. "ವೈರ್ ತಪ್ಪಿ ಹಚ್ಚಿದಾಂವನೂ ನಾನ, ನಿನ್ನ ಕೈ ಸರಿ ಇಲ್ಲಂದಾಂವನೂ ನಾನ. ನನ್ನ ತಪ್ಪಾತವಾ. ಹೊಟ್ಯಾಗ ಹಾಕ್ಕೋ."