ಕಣ್ಣು ಬೊಮ್ಮಯ್ಯನದು, ಸಾಕ್ಷಿ ಜಟ್ಟನದು

"ನೋಡಿದ್ದು ಯಾರು, ಹೇಳ್ಕಂಡು ತಿರುಗೂದು ಯಾರು?"

ಬಚ್ಚಲೊಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತ ಕೇಣಿಯ ಬೊಮ್ಮಯ್ಯ ಕೇಳಿದ ಈ ಪ್ರಶ್ನೆಗೆ ಉತ್ತರ ಕೊಡಲು ಅಲ್ಲಿ ಹೊಗೆಯ ಹೊರತು ಯಾರೂ ಇರಲಿಲ್ಲ. ಹೊಗೆ ಅವನ ಕಣ್ಣಲ್ಲಿ ನೀರು ತರಿಸಿ ಹಂಚಿನ ಸಂದಿಯಲ್ಲಿ ಹೊರಟುಹೋಯಿತು.

ಕಳೆದ ವರ್ಷ ಕೇಣಿಯ ದಂಡೆಯಲ್ಲಿ ದೋಣಿ ನಿಲ್ಲಿಸುವ ಜಾಗಕ್ಕಾಗಿ ಗಿರಿಧರನಿಗೂ ಕಾಶಿಗೂ ಜಗಳವಾಗಿ, ಗಿರಿಧರ ಎತ್ತಿದ ದೋಣಿಯ ಹುಟ್ಟಿನ ಏಟಿಗೆ ಕಾಶಿ ಸತ್ತಿದ್ದ. ಕವುಚಿಟ್ಟ ದೋಣಿಯ ಮರೆಯಲ್ಲಿ ಬಲೆ ಹೊಲಿಯುತ್ತಿದ್ದ ಬೊಮ್ಮಯ್ಯ ಎಲ್ಲವನ್ನೂ ಕಂಡಿದ್ದ. ನಡುಗುತ್ತ ಓಡಿಬಂದು, ಬೇಲಿಯಾಚೆಯ ಜಟ್ಟನ ಕಿವಿಯಲ್ಲಿ ಒಂದೂ ಬಿಡದೆ ಸುರಿದಿದ್ದ. ಮರುದಿನ ಪೊಲೀಸರು ಬಂದಾಗ ಮಾತ್ರ ಹೆದರಿ, "ನಾನಾ? ನಾ ನಿನ್ನೆ ದೇವಬಾಗದಲ್ಲಿ ಅಕ್ಕನ ಮನೇಲಿದ್ದೆ, ಒಡೆಯಾ" ಎಂದುಬಿಟ್ಟ. ತವರಿಗೆ ಹೋಗಿದ್ದ ಹೆಂಡತಿ ತಿಮ್ಮಿಯೂ ಅದನ್ನೇ ನಂಬಿದಳು. ಜಟ್ಟ ಎದೆಯುಬ್ಬಿಸಿ, "ನಾ ಕಂಡೆ" ಎಂದ. ಅಂದಿನಿಂದ ಚಾ ಅಂಗಡಿಯ ಬೆಂಚಿನ ನಡುಭಾಗ ಜಟ್ಟನದು. ಬೊಮ್ಮಯ್ಯನಿಗೆ ಬೆಂಚಿನ ತುದಿ, ಅದೂ ಯಾರಾದರೂ ಎದ್ದರೆ.

ಇಂದು ಕಾರವಾರದ ಕೋರ್ಟಿನಲ್ಲಿ ಜಟ್ಟನ ಸಾಕ್ಷಿ.

"ಹ್ವಾಯ್, ಜಟ್ಟಣ್ಣ ಹೊರಟ್ರು ಕಾಣಿ. ಎಂತಾ ಧೈರ್ಯ ಅವ್ರದ್ದು!" ಅಂಗಳದಿಂದ ತಿಮ್ಮಿ ಕೂಗಿದಳು. "ಕೆಲವ್ರು ಅದೇ ಹೊತ್ತಿಗೆ ಅಕ್ಕನ ಮನೇಲಿ ಮೀನ್ಸಾರು ಸುರೀತಿದ್ರು."

"ನಾನೂ ನೋಡಿದ್ದೆ ಮಾರಾಯ್ತಿ!"

"ದೇವಬಾಗದಿಂದ್ಲಾ? ಕಣ್ಣು ಅಷ್ಟು ಚೊಲೋ ಇದ್ರೆ ಅಕ್ಕಿಯ ಕಲ್ಲು ಆರಿಸ್ಕೊಡಿ."

ಊರಿನ ಅರ್ಧ ಜನ ಹೊರಟ ಬಸ್ಸಿಗೆ ತಿಮ್ಮಿಯ ಹಿಂದೆ ಬೊಮ್ಮಯ್ಯನೂ ಹತ್ತಿದ. ಗರಿಗರಿ ಬಿಳಿ ಅಂಗಿ ತೊಟ್ಟ ಜಟ್ಟನಿಗೆ ಹೆಂಗಸರು ಎದ್ದು ಜಾಗ ಬಿಟ್ಟರು. ಬೊಮ್ಮಯ್ಯ ಮೇಲಿನ ಸರಳಿಗೆ ಒಣಮೀನಿನಂತೆ ಜೋತುಬಿದ್ದ. ಅಂಕೋಲೆ ಬಿಡುವಾಗ ಜಟ್ಟನ ಕತೆಯಲ್ಲಿ ಒಂದೇ ಇದ್ದ ಏಟು ಅವರ್ಸಾ ದಾಟುವಷ್ಟರಲ್ಲಿ ಎರಡಾಯಿತು. ಕಾರವಾರ ಮುಟ್ಟುವಾಗ ಜಟ್ಟ ಕಾಶಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಗೋದಕವನ್ನೂ ಬಿಟ್ಟಾಗಿತ್ತು. ಪ್ರತಿ ತಿರುವಿನಲ್ಲೂ ಬೊಮ್ಮಯ್ಯ, "ಒಂದೇ ಏಟು" ಎಂದು ಸರಳಿಗೇ ಗೊಣಗಿದ.

ಕೋರ್ಟಿನಲ್ಲಿ ಜಟ್ಟ ಸಾಕ್ಷಿ ಕಟಕಟೆ ಏರಿದ್ದು ತಾಳಮದ್ದಳೆಯ ಮಾತುಗಾರ ಅರ್ಥಧಾರಿ ಜಮಖಾನೆ ಏರಿದಂತೆ. ಸರಕಾರಿ ವಕೀಲರು ಕೇಳಿದ್ದು ಒಂದು ಮಾತು; ಜಟ್ಟ ಹೇಳಿದ್ದು ಒಂದು ಪ್ರಸಂಗ. "ಸೂರ್ಯನಾರಾಯಣ ಮುಳುಗುವ ಹೊತ್ತು, ಸ್ವಾಮಿ. ಈ ಗಿರಿಧರ ಕಳ್ಳಬೆಕ್ಕಿನ ಹಂಗೆ ಕಾಶಿಯ ಬೆನ್ನ ಹಿಂದೆ ಬಂದ. ಬಲಗೈಲಿ ಹುಟ್ಟು ಎತ್ತಿದ..."

"ಎಡಗೈ!"

ಹಿಂದಿನ ಬೆಂಚಿನಿಂದ ಬಂದ ಮಾತಿಗೆ ಇಡೀ ಕೋರ್ಟು ಕತ್ತು ತಿರುಗಿಸಿತು. ಬೊಮ್ಮಯ್ಯ ತನ್ನ ಬಾಯಿ ಮುಚ್ಚಿಕೊಂಡ. ಆದರೆ ಮಾತು ಆಗಲೇ ನ್ಯಾಯಾಧೀಶರ ಮೇಜು ಮುಟ್ಟಿತ್ತು.

"ಯಾರದು? ಮುಂದೆ ಬನ್ನಿ. ನಿಮಗೆ ಹೇಗೆ ಗೊತ್ತು?"

"ನಾ ನೋಡಿದ್ದು ಸ್ವಾಮಿ! ಈ ಜಟ್ಟ ಅಲ್ಲಿ ಇರ್ಲೇ ಇಲ್ಲ. ನಾ ಹೇಳಿದ್ದನ್ನೇ ಕದ್ದು ಹೇಳ್ತಾನೆ. ಅದೂ ತಪ್ಪು ತಪ್ಪು!"

"ಅಂವ ದೇವಬಾಗದಲ್ಲಿದ್ದ ಸ್ವಾಮಿ!" ಜಟ್ಟ ಕಟಕಟೆ ಕುಟ್ಟಿದ. "ಪೊಲೀಸರಿಗೆ ಅವ್ನೇ ಹೇಳಿದ್ದು. ಅವ್ನ ಹೆಂಡ್ತಿನ್ನೇ ಕೇಳಿ, ಅಲ್ಲೇ ಕೂತಳೆ."

ತಿಮ್ಮಿ ಎದ್ದು ನಿಂತು, "ಹೌದು ಒಡೆಯಾ, ಅಕ್ಕನ ಮನೇಲಿ" ಎಂದು ಕೂತಳು.

ಗಿರಿಧರನ ವಕೀಲರ ಮುಖ ಹುಣ್ಣಿಮೆಯ ಕಡಲಿನಂತೆ ಉಕ್ಕಿತು. ಕಂಡೆನೆಂದವನು ಕಂಡಿಲ್ಲ, ಕಂಡವನು ಊರಲ್ಲೇ ಇರಲಿಲ್ಲ. ಇನ್ನೇನು ಉಳಿಯಿತು ಕೇಸಿನಲ್ಲಿ? ಸರಕಾರಿ ವಕೀಲರು ಹಣೆ ಒತ್ತಿಕೊಂಡರು. ಆದರೆ ನೆರೆಮನೆಯವರಿಬ್ಬರೂ ನಿಲ್ಲುವ ಲಕ್ಷಣ ಇರಲಿಲ್ಲ.

"ಬೆನ್ನ ಹಿಂದೆ, ಬಲಗೈಲಿ!"

"ಎಡಗೈಲಿ! ಕಾಲು ಸಿಗಡಿ ಹಂಗೆ ನಡುಗ್ತಿತ್ತು ಅವಂದು!"

"ಕೈ ಯಾವ್ದಾದ್ರೆ ಎಂತ ಬಂತು?" ಮೂಲೆಯಲ್ಲಿ ಕೂತಿದ್ದ ಕಾಶಿಯ ಹೆಂಡತಿ ನಾಗಿ ಮೆಲ್ಲಗೆ ಅಂದಳು. "ಹೋದವ್ರು ಹೋದ್ರು." ಅಷ್ಟು ಹೊತ್ತಿನಲ್ಲಿ ಸತ್ತವನನ್ನು ನೆನೆದವಳು ಅವಳೊಬ್ಬಳೇ. ಯಾರಿಗೂ ಕೇಳಿಸಲಿಲ್ಲ.

ಕೇಳಿಸಿದ್ದು ಆರೋಪಿ ಕಟಕಟೆಯ ಗುಡುಗು.

"ಬಾಯಿ ಮುಚ್ರೋ ಇಬ್ರೂ!" ಗಿರಿಧರ ಕಟಕಟೆಯ ಕಂಬಿ ಹಿಡಿದು ಮುಂದೆ ಬಾಗಿದ. "ಬೆನ್ನ ಹಿಂದೆ ಹೊಡಿಯೂಕೆ ನಾ ಎಂತಾ ಹೇಡಿಯ? ಕಾಶಿ ಕತ್ತಿ ಎತ್ತಿದ, ನಾ ಎದುರಿಗೇ ನಿಂತಿದ್ದೆ. ಎಡಗೈಯೂ ಅಲ್ಲ, ಬಲಗೈಯೂ ಅಲ್ಲ. ಎರಡೂ ಕೈಲಿ ಹೊಡೆದೆ. ಕಾಲು ನಡುಗ್ಲಿಲ್ಲ. ಹೊಡೆದವ ನಾನು, ನಂಗೆ ಗೊತ್ತಿಲ್ವಾ?"

ಅವನ ವಕೀಲರ ಕೈಯಿಂದ ಪೆನ್ನು ಜಾರಿತು.

ನ್ಯಾಯಾಧೀಶರು ಅವನಿಗೆ ವಕೀಲರೊಡನೆ ಮಾತಾಡಲು ಹೊತ್ತು ಕೊಟ್ಟರು, ಒಪ್ಪಿದರೆ ಏನಾದೀತೆಂದು ಬಿಡಿಸಿ ಹೇಳಿದರು. ಗಿರಿಧರ ಕದಲಲಿಲ್ಲ. "ಕಳ್ಳಬೆಕ್ಕು ಅಂತ ಬರ್ಕೊಂಡ್ರೆ ಮಾತ್ರ ನಾ ಒಪ್ಪೂದಿಲ್ಲ" ಎಂದ. ಊಟದ ನಂತರ ವಕೀಲರು, ಇದು ಹಠಾತ್ತನೆ ಆದ ಜಗಳ, ಮೊದಲೇ ಎಣಿಸಿ ಮಾಡಿದ್ದಲ್ಲ ಎಂದು ವಾದಿಸಿದರು. ಕಾಶಿಯ ಕತ್ತಿಯೂ ದಂಡೆಯಲ್ಲಿ ಸಿಕ್ಕಿತ್ತಾದ್ದರಿಂದ ನ್ಯಾಯಾಧೀಶರು ಅದನ್ನು ಒಪ್ಪಿದರು. ಕೊಲೆಯಲ್ಲ, ಕೊಲೆಯೆನ್ನಲಾಗದ ನರಹತ್ಯೆ. ಏಳು ವರ್ಷ ಜೈಲು. ಸುಳ್ಳು ಸಾಕ್ಷಿ ಹೇಳಿದ ಜಟ್ಟನ ಮೇಲೆ ಬೇರೆಯೇ ಪ್ರಕರಣ.

ಬೊಮ್ಮಯ್ಯ ಮುಂದಕ್ಕೆ ನುಗ್ಗಿದ. ಜಟ್ಟನಿಗೆ ಸ್ವಂತದ್ದೇ ಒಂದು ಕೇಸು!

"ನಂದು, ಸ್ವಾಮಿ?"

"ನೀವು ಸಾಕ್ಷಿಯೂ ಅಲ್ಲ, ಆರೋಪಿಯೂ ಅಲ್ಲ," ಎಂದರು ನ್ಯಾಯಾಧೀಶರು. "ಹೊರಗೆ ಹೋಗಿ."

ಹೊರಗೆ ಜಟ್ಟನ ಸುತ್ತ ನಾಲ್ಕು ಕರಿಕೋಟುಗಳು ವಕಾಲತ್ತಿಗೆ ಮುತ್ತಿದ್ದವು. ಕೇಣಿಯ ಹೆಂಗಸರೆಲ್ಲ ಗಿರಿಧರನನ್ನು ಕೂರಿಸಿದ ಪೊಲೀಸ್ ವ್ಯಾನಿನ ಬಳಿ ನೆರೆದಿದ್ದರು. "ಜೀವ ಹೋದ್ರೂ ಸತ್ಯ ಬಿಡದ ಪುಣ್ಯಾತ್ಮ," ಎಂದು ತಿಮ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಗಂಡನತ್ತ ತಿರುಗಿ, "ನೀವೂ ಇದ್ದೀರಿ, ಕೋರ್ಟಲ್ಲೂ ಸುಳ್ಳು!"

ಬೊಮ್ಮಯ್ಯ ಜನರನ್ನು ಸೀಳಿಕೊಂಡು ವ್ಯಾನಿನ ಜಾಲರಿ ಹಿಡಿದ.

"ಗಿರಿಧರಾ, ತಮಾ, ಒಂದೇ ಮಾತು. ಆ ದಿನ ದೋಣಿ ಮರೆಲಿ ನಾ ಇದ್ದಿದ್ದೆ. ನೀ ತಿರುಗಿದಾಗ ನಮ್ಮಿಬ್ರ ಕಣ್ಣು ಕೂಡಿತ್ತು. ಹೌದು ಅಂತ ಇವಳೆದುರು ಹೇಳೋ ಮಾರಾಯ. ಮತ್ತೆಂತದೂ ಬೇಡ."

ಗಿರಿಧರ ಅವನನ್ನು ನೋಡಿದ. ಚೆನ್ನಾಗಿ ಗುರುತಿದ್ದವನಂತೆಯೇ ನೋಡಿದ. ಆಮೇಲೆ, ತನಗಾಗಿ ಕಣ್ಣೀರಿಡುತ್ತಿದ್ದ ಇಡೀ ಕೇಣಿಯನ್ನು ನೋಡಿದ.

"ಏಳು ವರ್ಷ ಒಳಗೆ ಕೂರೂದು ನಾನು," ಎಂದ. "ಹೆಸ್ರಲ್ಲಿ ಪಾಲು ನಿಂಗಾ? ಹೇಳೂದಿಲ್ಲ, ಹೋಗು."